ಗುಜರಿಗೆ ಹೊರಟ ಕರಿ ಸೈಕಲ್ಲಿನಿಂದ ಫಿಕ್ಸ್ಡ್ ಗೇರ್

ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿರುವ ಕರಿ ಸೈಕಲ್ಲುಗಳಿಗೆ ಇನ್ನೂ ಬರವಿಲ್ಲ. ಅಜ್ಜ ಹತ್ತುತ್ತಿದ್ದದ್ದು, ಅಪ್ಪ ಕಾಲೇಜಿಗೆ ಒಯ್ದದ್ದು, ಈಗ ಯಾರಿಗೂ ಬೇಡವಾದದ್ದು. ಗುಜರಿಗೆ ಹಾಕಿದರೆ ಸುಮಾರು ಇಪ್ಪತ್ತು ಕಿಲೋ ಕಬ್ಬಿಣದ ಬೆಲೆ ಸಿಗುತ್ತದೆ, ಅಷ್ಟೇ. ಆದರೆ ದೊಡ್ಡ ನಗರಗಳ ಹುಡುಗರು ಕೈತುಂಬ ಹಣ ಕೊಟ್ಟು ಕೊಳ್ಳುವ ಫಿಕ್ಸ್ಡ್ ಗೇರ್ ಸೈಕಲ್ಲಿಗೆ ಬೇಕಾದ ಬಹುಪಾಲು ಸಂಗತಿಗಳು ಈ ಕರಿ ಸೈಕಲ್ಲಿನಲ್ಲಿ ಆಗಲೇ ಇವೆ. ಕೊರತೆ ಇರುವುದು ಎರಡೇ ಕಡೆ: ಹಿಂದಿನ ಹಬ್‌ನಲ್ಲಿ, ಅಂದರೆ ಗಾಲಿಯ ನಡುವಿನ ಗುಂಬದಲ್ಲಿ, ಮತ್ತು ಮುಂದಿನ ಬ್ರೇಕಿನಲ್ಲಿ. ಉಳಿದೆಲ್ಲ ಕಡೆ ಜಿಪುಣತನ ಮಾಡಬಹುದು. ಈ ಎರಡು ಕಡೆ ಮಾಡಿದರೆ ಉಳಿಸಿದ ಹಣ ಆಸ್ಪತ್ರೆಗೆ ಹೋಗುತ್ತದೆ.

ಮೊದಲು ಫಿಕ್ಸ್ಡ್ ಗೇರ್ ಎಂದರೇನು ಎಂಬುದು. ಸಾಮಾನ್ಯ ಸೈಕಲ್ಲಿನ ಹಿಂಗಾಲಿಯಲ್ಲಿ ಫ್ರೀವೀಲ್ ಇರುತ್ತದೆ. ಅದರೊಳಗೆ ಸ್ಪ್ರಿಂಗ್‌ನ ಒತ್ತಡಕ್ಕೆ ಸಿಕ್ಕ ಚಿಕ್ಕ ಉಕ್ಕಿನ ನಾಲಿಗೆಗಳಿವೆ. ಪೆಡಲ್ ಮುಂದಕ್ಕೆ ತುಳಿದಾಗ ಆ ನಾಲಿಗೆಗಳು ಹಲ್ಲಿಗೆ ಕಚ್ಚಿಕೊಂಡು ಗಾಲಿಯನ್ನು ತಿರುಗಿಸುತ್ತವೆ. ತುಳಿಯುವುದನ್ನು ನಿಲ್ಲಿಸಿದಾಗ ಹಲ್ಲುಗಳ ಮೇಲೆ ಜಾರುತ್ತವೆ, ಗಾಲಿ ತನ್ನ ಪಾಡಿಗೆ ಓಡುತ್ತದೆ. ಇಳಿಜಾರಿನಲ್ಲಿ ಕೇಳಿಬರುವ ಟಿಕ್-ಟಿಕ್ ಸದ್ದು ಈ ಜಾರುವಿಕೆಯದೇ. ಫಿಕ್ಸ್ಡ್ ಗೇರ್‌ನಲ್ಲಿ ಈ ನಾಲಿಗೆಗಳೇ ಇಲ್ಲ. ಹಿಂದಿನ ಹಲ್ಲುಚಕ್ರ ನೇರವಾಗಿ ಹಬ್‌ಗೆ ಬಿಗಿಯಾಗಿ ಕೂತಿರುತ್ತದೆ. ಗಾಲಿ ತಿರುಗುತ್ತಿರುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಸವಾರ ಬೇಡವೆಂದರೂ ತಿರುಗುತ್ತದೆ. ಇಳಿಜಾರಿನಲ್ಲಿ, ಬಾವಿಗೆ ಕೊಡ ಇಳಿಬಿಟ್ಟಾಗ ಹಗ್ಗ ಕೈಯನ್ನು ಎಳೆದುಕೊಂಡು ಹೋಗುವಂತೆ, ಪೆಡಲ್ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಆ ಎಳೆತಕ್ಕೆ ಎದುರಾಗಿ ಕಾಲು ಒತ್ತಿದರೆ ವೇಗ ತಗ್ಗುತ್ತದೆ. ಹಿಂದಕ್ಕೆ ತುಳಿದರೆ ಸೈಕಲ್ ಹಿಂದಕ್ಕೂ ಹೋಗುತ್ತದೆ.

ಇದು ಹೊಸ ಶೋಕಿಯೇನಲ್ಲ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಫ್ರೀವೀಲ್ ಬಳಕೆಗೆ ಬರುವವರೆಗೂ ಸೈಕಲ್ಲುಗಳು ಹೀಗೆಯೇ ಇದ್ದವು. ಟ್ರ್ಯಾಕ್ ರೇಸಿನಲ್ಲಿ ಇಂದಿಗೂ ಇದೇ ನಿಯಮ: ಒಂದೇ ಗೇರ್, ಫ್ರೀವೀಲ್ ಇಲ್ಲ, ಬ್ರೇಕೂ ಇಲ್ಲ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯಲ್ಲಿ ಕಟ್ಟಿದ ವೆಲೋಡ್ರೋಮ್‌ನಲ್ಲಿ (ಸೈಕಲ್ ರೇಸಿನ ಟ್ರ್ಯಾಕ್‌ನಲ್ಲಿ) ಓಡುವುದು ಇಂಥ ಸೈಕಲ್ಲುಗಳೇ. ಸೈಕ್ಲಿಂಗ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ವೆಲೋಡ್ರೋಮ್‌ನಲ್ಲಿ ಎದುರಿನಿಂದ ಆಟೋ ಬರುವುದಿಲ್ಲ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬರುತ್ತದೆ. ಅಲ್ಲಿಯ ಬ್ರೇಕಿಲ್ಲದ ನಿಯಮವನ್ನು ರಸ್ತೆಗೆ ತಂದು ಅದನ್ನೇ ಗಂಡಸುತನವೆಂದುಕೊಳ್ಳುವವರ ಬಗ್ಗೆ ನನಗೆ ಗೌರವವಿಲ್ಲ.

ಹಾಗಿದ್ದರೆ ಇದನ್ನು ಕಟ್ಟುವುದಾದರೂ ಯಾಕೆ? ಬಿಡಿಭಾಗಗಳು ಕಡಿಮೆ, ಕೆಡುವುದು ಕಡಿಮೆ. ಗೇರ್ ಬದಲಿಸುವ ಡಿರೇಲರ್‌ಗೆ ನಮ್ಮ ಬೇಸಿಗೆಯ ಧೂಳು, ಮಳೆಗಾಲದ ರಾಡಿ ಎರಡೂ ಶತ್ರುಗಳು. ಇಲ್ಲಿ ಡಿರೇಲರೇ ಇಲ್ಲ. ಗದ್ದಲದ ರಸ್ತೆಯಲ್ಲಿ ನಡಿಗೆಯ ವೇಗಕ್ಕೆ ಇಳಿದಾಗ ಗಾಲಿಯ ಮೇಲಿನ ಹಿಡಿತ ಕಾಲಿನಲ್ಲೇ ಇರುತ್ತದೆ, ಸೈಕಲ್ ಓಲಾಡುವುದಿಲ್ಲ. ಮತ್ತೆ, ಓಡಿಸುವುದರಲ್ಲಿ ಒಂದು ಸುಖವಿದೆ. ಅದನ್ನು ಬರೆದು ತಿಳಿಸುವುದಕ್ಕಿಂತ ಒಂದು ಸುತ್ತು ಹೋಗಿಬರುವುದು ಸುಲಭ. ಹಾಲಿನ ಕ್ಯಾನು ಕಟ್ಟುವವರಿಗೆ, ಕ್ಯಾರಿಯರ್ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಬಿಡುವವರಿಗೆ ಮಾತ್ರ ಇದು ಬೇಡ. ಅವರಿಗೆ ಫ್ರೀವೀಲೇ ಸರಿ.

ಈಗ ಕರಿ ಸೈಕಲ್ಲಿಗೆ ಬರೋಣ. ಅದರ ಹಿಂದಿನ ಆಕ್ಸಲ್ ಕೂರುವ ಜಾಗ ನೋಡಿ. ಹಿಂದಕ್ಕೆ ತೆರೆದಿರುವ ಉದ್ದನೆಯ ಕಚ್ಚು, ಅದರಲ್ಲಿ ಗಾಲಿಯನ್ನು ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡುವ ತಿರುಪು. ಫಿಕ್ಸ್ಡ್ ಗೇರ್‌ಗೆ ಬೇಕಾದ ಮೊದಲ ಅರ್ಹತೆ ಇದು. ಯಾಕೆಂದರೆ ಇಲ್ಲಿ ಚೈನ್ ಸಡಿಲವಾದರೆ ಅದನ್ನು ಎಳೆದು ಹಿಡಿಯುವ ಬೇರೆ ಸಲಕರಣೆ ಇಡಲು ಬರುವುದಿಲ್ಲ. ಹಿಮ್ಮುಖವಾಗಿ ಒತ್ತಿದಾಗ ಚೈನಿನ ಕೆಳಗಿನ ಎಳೆ ಬಿಗಿಯುತ್ತದೆ, ಡಿರೇಲರ್ ಇದ್ದರೆ ಕಿತ್ತು ಬರುತ್ತದೆ. ಇಂದಿನ ಗೇರ್ ಸೈಕಲ್ಲುಗಳಲ್ಲಿ ಆಕ್ಸಲ್‌ನ ಕಚ್ಚು ಕೆಳಮುಖವಾಗಿರುವುದರಿಂದ ಗಾಲಿಯನ್ನು ಹಿಂದಕ್ಕೆ ಸರಿಸುವಂತಿಲ್ಲ. ದುಬಾರಿ ಸೈಕಲ್ಲಿಗೆ ಇಲ್ಲದ ಅನುಕೂಲ ಅಜ್ಜನ ಸೈಕಲ್ಲಿಗಿದೆ. ಚೈನ್ ಕೂಡ ಅಗಲವಾದ, ಇಂಚಿನ ಎಂಟನೇ ಒಂದು ಭಾಗದ್ದು. ಟ್ರ್ಯಾಕ್ ಸೈಕಲ್ಲಿಗೆ ಹಾಕುವ ಅಳತೆಯೇ. ಮುಂದೆ, ಪೆಡಲ್ ಬಳಿ, ಒಂದೇ ಚೈನ್‌ವೀಲ್ (ದೊಡ್ಡ ಹಲ್ಲುಚಕ್ರ). ಫ್ರೇಮ್ ಉಕ್ಕಿನದು, ಆದ್ದರಿಂದ ಬಗ್ಗಿಸಬಹುದು, ಬೆಸೆಯಬಹುದು.

ಬಗ್ಗಿಸುವ ಪ್ರಮೇಯ ಬಂದೇ ಬರುತ್ತದೆ. ಹಳೆಯ ಫ್ರೇಮಿನ ಹಿಂಬದಿಯ ಅಗಲ ಸುಮಾರು 110 ಮಿಲಿಮೀಟರ್. ಫಿಕ್ಸ್ಡ್ ಹಬ್‌ಗೆ 120 ಬೇಕು. ಎರಡೂ ಕಡೆ ಐದೈದು ಮಿಲಿಮೀಟರ್ ಅಗಲಿಸಿದರೆ ಆಯಿತು. ಒಂದೇ ಕಡೆ ಹತ್ತು ಎಳೆದರೆ ಹಿಂಗಾಲಿ ಮುಂಗಾಲಿಯ ಸಾಲಿನಲ್ಲಿ ಬರುವುದಿಲ್ಲ. ಹ್ಯಾಂಡಲ್ ಕೊಳವೆಯಿಂದ ಹಿಂದಿನ ಎರಡೂ ಕಚ್ಚುಗಳವರೆಗೆ ಒಂದು ದಾರ ಬಿಗಿದು, ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರ ಅಳೆದರೆ ಫ್ರೇಮ್ ನೇರವಿದೆಯೋ ಇಲ್ಲವೋ ಗೊತ್ತಾಗುತ್ತದೆ. ಕೈ ಪಳಗಿದ ಸೈಕಲ್ ಮೇಸ್ತ್ರಿಗೆ ಇದು ಹತ್ತು ನಿಮಿಷದ ಕೆಲಸ. ಅಲ್ಯುಮಿನಿಯಂ ಫ್ರೇಮ್ ತಂದುಕೊಟ್ಟು ಹೀಗೆ ಅಗಲಿಸಿ ಎಂದರೆ ಮಾತ್ರ ಅದು ಬಿರುಕು ಬಿಡುತ್ತದೆ.

ಇನ್ನು ಹಬ್. ಇಡೀ ವಿಷಯದ ಜೀವ ಇಲ್ಲಿದೆ, ನಿಧಾನವಾಗಿ ನೋಡೋಣ.

ಫ್ರೀವೀಲ್ ಹಬ್‌ಗೆ ಕೂರುವುದು ತಿರುಪಿನ ಗೆರೆಗಳ, ಅಂದರೆ ಥ್ರೆಡ್ ಮೇಲೆ. ಅದರ ವ್ಯಾಸ 1.37 ಇಂಚು, ಇಂಚಿಗೆ 24 ಸುತ್ತು. ಮುಂದಕ್ಕೆ ತುಳಿದಷ್ಟೂ ಅದು ಬಿಗಿಯಾಗುತ್ತದೆ. ಹಳೆಯ ಫ್ರೀವೀಲ್ ಬಿಚ್ಚುವಾಗ ಮೇಸ್ತ್ರಿ ಬೆವರುವುದು ಇದಕ್ಕೇ. ಫಿಕ್ಸ್ಡ್ ಹಲ್ಲುಚಕ್ರದ ಥ್ರೆಡ್ಡೂ ಇದೇ ಅಳತೆಯದು, ಆದ್ದರಿಂದ ಸಾಮಾನ್ಯ ಹಬ್‌ನ ಮೇಲೆ ಅದು ಸಲೀಸಾಗಿ ಏರುತ್ತದೆ. ಏರಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವುದು ಅಪಾಯ. ವೇಗ ತಗ್ಗಿಸಲು ಹಿಂದಕ್ಕೆ ಒತ್ತಿದಾಗ ಹಲ್ಲುಚಕ್ರಕ್ಕೆ ಬಿಚ್ಚುವ ದಿಕ್ಕಿನ ಬಲ ಬೀಳುತ್ತದೆ. ಅದು ಸರ್ರನೆ ಸಡಿಲಗೊಂಡರೆ ಪೆಡಲ್ ಸುಮ್ಮನೆ ಹಿಂದಕ್ಕೆ ತಿರುಗುತ್ತದೆ, ಗಾಲಿ ಓಡುತ್ತಲೇ ಇರುತ್ತದೆ. ಅಂದರೆ ನಿಲ್ಲಬೇಕಾದ ಗಳಿಗೆಯಲ್ಲೇ ನಿಲ್ಲಿಸುವ ಸಾಧನ ಕೈಕೊಡುತ್ತದೆ.

ನಿಜವಾದ ಫಿಕ್ಸ್ಡ್ ಹಬ್ ಇದಕ್ಕೊಂದು ಚಂದದ ಉಪಾಯ ಮಾಡಿಕೊಂಡಿದೆ. ಹಲ್ಲುಚಕ್ರದ ಥ್ರೆಡ್ ಆದ ಮೇಲೆ, ಹೊರಬದಿಯಲ್ಲಿ ಸ್ವಲ್ಪ ಕಿರಿದಾದ, 1.29 ಇಂಚಿನ ಇನ್ನೊಂದು ಥ್ರೆಡ್ ಇರುತ್ತದೆ. ಅದು ಉಲ್ಟಾ ಥ್ರೆಡ್. ಅದರ ಮೇಲೆ ಲಾಕ್‌ರಿಂಗ್ ಎಂಬ ಬಿಗಿಯುವ ಬಳೆ ಕೂರುತ್ತದೆ. ಹಲ್ಲುಚಕ್ರ ಬಿಚ್ಚಿಕೊಳ್ಳಲು ಹವಣಿಸಿ ತಿರುಗಿದರೆ ತನ್ನ ಜೊತೆ ಲಾಕ್‌ರಿಂಗನ್ನೂ ಅದೇ ದಿಕ್ಕಿಗೆ ತಿರುಗಿಸುತ್ತದೆ. ಉಲ್ಟಾ ಥ್ರೆಡ್ಡಿಗೆ ಅದು ಬಿಗಿಯುವ ದಿಕ್ಕು. ಒಂದು ಸಡಿಲವಾಗಲು ಹೋದರೆ ಇನ್ನೊಂದು ಗಟ್ಟಿಯಾಗುತ್ತದೆ.

ಇಷ್ಟು ತಿಳಿದ ಮೇಲೆ ಅಗ್ಗದ ಉಪಾಯಗಳನ್ನು ತೂಗಿ ನೋಡಬಹುದು. ಎಲ್ಲರೂ ಮೊದಲು ಹೇಳುವುದು ಫ್ರೀವೀಲನ್ನೇ ವೆಲ್ಡಿಂಗ್ ಮಾಡಿಸುವುದನ್ನು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಇದನ್ನು ಮಾಡಿಕೊಡುವ ಕೈಗಳಿಗೆ ಕೊರತೆಯಿಲ್ಲ. ಆದರೆ ವೆಲ್ಡಿಂಗ್ ಒಳಗಿನ ನಾಲಿಗೆಗಳ ಆಟವನ್ನು ನಿಲ್ಲಿಸುತ್ತದೆ, ಅಷ್ಟೇ. ಫ್ರೀವೀಲ್ ಹಬ್‌ನಿಂದ ಬಿಚ್ಚಿಕೊಳ್ಳುವ ಸಮಸ್ಯೆ ಹಾಗೇ ಉಳಿಯುತ್ತದೆ. ಬಿಸಿಗೆ ಅದು ಸೊಟ್ಟಗಾದರೆ ಚೈನ್ ಒಂದು ಸುತ್ತಿನಲ್ಲೇ ಬಿಗಿ, ಸಡಿಲ ಎರಡೂ ಆಗುತ್ತದೆ. ಹಬ್‌ಗೂ ಸೇರಿಸಿ ವೆಲ್ಡಿಂಗ್ ಮಾಡಿಸಿದರೆ ಬಿಚ್ಚಿಕೊಳ್ಳುವುದಿಲ್ಲ ನಿಜ, ಹಲ್ಲು ಸವೆದ ದಿನ ಗಾಲಿಯನ್ನೇ ಎಸೆಯಬೇಕು. ಎರಡನೆಯದು ಸ್ವಲ್ಪ ಜಾಣತನದ್ದು. ಪೆಡಲ್ ಆಕ್ಸಲ್ ಕೂರುವ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಕಪ್‌ನ ಲಾಕ್‌ರಿಂಗ್ ಇದೆಯಲ್ಲ, ಅದರದ್ದೂ ಸಾಮಾನ್ಯವಾಗಿ 1.37 ಇಂಚು, 24 ಸುತ್ತು. ಸಾಮಾನ್ಯ ಹಬ್‌ಗೆ ಹಲ್ಲುಚಕ್ರ ಏರಿಸಿ, ಹಿಂದೆಯೇ ಈ ರಿಂಗನ್ನು ಬಿಗಿದರೆ ಎರಡೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಥ್ರೆಡ್ ಅಂಟು ಹಚ್ಚಿದರೆ ಇನ್ನೂ ಗಟ್ಟಿ. ಆದರೂ ಎರಡೂ ಒಂದೇ ದಿಕ್ಕಿನ ಥ್ರೆಡ್ ಆದ್ದರಿಂದ ಜೋರಾಗಿ ಹಿಂದಕ್ಕೆ ಒತ್ತಿದರೆ ಜೊತೆಯಾಗಿಯೇ ಬಿಚ್ಚಿಕೊಳ್ಳಬಹುದು. ಎರಡೂ ಗಾಲಿಗೆ ಒಳ್ಳೆಯ ಬ್ರೇಕ್ ಇದ್ದು, ಕಾಲಿನಿಂದ ನಿಲ್ಲಿಸುವ ಹಂಬಲ ಇಲ್ಲದವರಿಗೆ ಇದು ನಡೆಯುತ್ತದೆ.

ನನ್ನ ಮತ ಮೂರನೆಯದಕ್ಕೆ: ನಿಜವಾದ ಫಿಕ್ಸ್ಡ್ ಹಬ್ ಇರುವ ಹಿಂಗಾಲಿಯನ್ನು ಹೊಸದೋ ಹಳೆಯದೋ ಹುಡುಕಿ ಕೊಳ್ಳಿ. ಇಲ್ಲಿ ಅಳತೆಯ ಎರಡು ಗೋಜಲುಗಳಿವೆ. ಕರಿ ಸೈಕಲ್ಲಿನ ಹಿಂದಿನ ರಿಮ್‌ಗೆ ಸಾಂಪ್ರದಾಯಿಕವಾಗಿ 40 ಕಡ್ಡಿ, ಮುಂದಿನದಕ್ಕೆ 32. ಫಿಕ್ಸ್ಡ್ ಹಬ್‌ಗಳಲ್ಲಿ ಸಿಗುವುದು ಹೆಚ್ಚಾಗಿ 32 ಅಥವಾ 36 ತೂತಿನವು. ಹಬ್ ಒಂದನ್ನೇ ತಂದರೆ ಹಿಂದಿನ ರಿಮ್‌ಗೆ ಹೊಂದುವುದಿಲ್ಲ. ಆದರೆ ಮುಂದಿನ ರಿಮ್‌ಗೆ 32 ತೂತಿನ ಹಬ್ ಹೊಂದುತ್ತದೆ, ಅದನ್ನು ಹಿಂದಕ್ಕೆ ಹಾಕಿಕೊಳ್ಳಬಹುದು. ಇನ್ನೊಂದು ದಾರಿ ಇಡೀ ಗಾಲಿಯನ್ನೇ ಬದಲಿಸುವುದು. ಹಳೆಯ 28 × 1½ ಟಯರಿನ ರಿಮ್ ವ್ಯಾಸ 635 ಮಿಲಿಮೀಟರ್; ಈಗಿನ 700 ಸಿ ಗಾಲಿಯದು 622. ತ್ರಿಜ್ಯದಲ್ಲಿ ವ್ಯತ್ಯಾಸ ಆರೂವರೆ ಮಿಲಿಮೀಟರ್ ಮಾತ್ರ, ಆದ್ದರಿಂದ 700 ಸಿ ಗಾಲಿ ಹಳೆಯ ಫ್ರೇಮಿನಲ್ಲಿ ಆರಾಮವಾಗಿ ಕೂರುತ್ತದೆ. ಕೊಳ್ಳುವಾಗ ಫ್ಲಿಪ್-ಫ್ಲಾಪ್ ಹಬ್ ಕೇಳಿ. ಅದರ ಒಂದು ಬದಿಗೆ ಫಿಕ್ಸ್ಡ್ ಹಲ್ಲುಚಕ್ರ, ಇನ್ನೊಂದು ಬದಿಗೆ ಫ್ರೀವೀಲ್; ಗಾಲಿ ತಿರುಗಿಸಿ ಹಾಕಿದರೆ ಸೈಕಲ್ಲಿನ ಸ್ವಭಾವವೇ ಬದಲಾಗುತ್ತದೆ.

ಎಷ್ಟು ಹಲ್ಲು ಬೇಕು ಎಂಬುದು ಊರಿನ ಮೇಲೆ ನಿಂತಿದೆ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂದು ಸಿಗುತ್ತದೆ. 700 ಸಿ ಗಾಲಿಯ ಸುತ್ತಳತೆ ಸುಮಾರು 2.15 ಮೀಟರ್. ಮುಂದೆ 44, ಹಿಂದೆ 18 ಇದ್ದರೆ ಸುತ್ತಿಗೆ 5.26 ಮೀಟರ್, ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 25 ಕಿಲೋಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತು ಕಿಲೋಮೀಟರ್ ಎಂದಿಟ್ಟುಕೊಂಡರೆ 3,800 ಸುತ್ತು. ಫ್ರೀವೀಲ್ ಸವಾರ ಇಳಿಜಾರುಗಳಲ್ಲಿ ಒಂದಷ್ಟು ಸುತ್ತುಗಳನ್ನು ಉಳಿಸಿಕೊಳ್ಳುತ್ತಾನೆ. ಫಿಕ್ಸ್ಡ್ ಸವಾರ ಒಂದನ್ನೂ ಬಿಡದೆ ಸುತ್ತಬೇಕು.

ಹುಬ್ಬಳ್ಳಿ ಬಯಲಿನ ಅಂಚಿನಲ್ಲಿದೆ, ಧಾರವಾಡ ಮಲೆನಾಡಿನ ಸೆರಗಿನಲ್ಲಿ, ಎತ್ತರದಲ್ಲಿದೆ. ಕೊಪ್ಪಿಕರ್ ರಸ್ತೆ, ಸ್ಟೇಷನ್ ರಸ್ತೆಗಳಷ್ಟೇ ನಿಮ್ಮ ಲೋಕವಾದರೆ 48ಕ್ಕೆ 18 ಕೂಡ ಹಿತವೆನಿಸುತ್ತದೆ. ಧಾರವಾಡದ ವಿಶ್ವವಿದ್ಯಾಲಯದ ಗುಡ್ಡ ಏರಬೇಕಾದವರಿಗೆ 44ಕ್ಕೆ 18 ಸಾಕು, ಮಂಡಿಯ ಮೇಲೆ ಕರುಣೆಯಿದ್ದರೆ 44ಕ್ಕೆ 20. ಆದರೆ ಏರಿಗೆ ಹಗುರವಾದ ಗೇರ್ ಇಳಿಜಾರಿನಲ್ಲಿ ಕಾಡುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗ ಬಂದಾಗ 44ಕ್ಕೆ 18ರಲ್ಲಿ ಕಾಲು ನಿಮಿಷಕ್ಕೆ 127 ಸುತ್ತು ತಿರುಗಬೇಕು, 44ಕ್ಕೆ 20ರಲ್ಲಿ 141. ಅಭ್ಯಾಸವಿಲ್ಲದವರು ಸೀಟಿನ ಮೇಲೆ ಕುಣಿಯತೊಡಗುತ್ತಾರೆ. ಆದ್ದರಿಂದ ಇಳಿಜಾರಿನ ನೆತ್ತಿಯಲ್ಲೇ ಬ್ರೇಕ್ ಹಿಡಿದು ವೇಗವನ್ನು ಕಟ್ಟಿಹಾಕಬೇಕು. ಅರ್ಧ ಇಳಿದ ಮೇಲೆ ನೆನಪಾದರೆ ತಡ.

ಗದಗದ ಕಡೆಯವರಿಗೆ ಏರಿಗಿಂತ ಗಾಳಿಯ ಲೆಕ್ಕ ಮುಖ್ಯ. ಆ ಜಿಲ್ಲೆಯಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆಷಾಢದಲ್ಲಿ ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟವನನ್ನು ಅದೇ ದೂಡಿಕೊಂಡು ಹೋಗುತ್ತದೆ, ಮರಳುವಾಗ ಎದೆಗೆ ಕೈಯಿಟ್ಟು ತಡೆಯುತ್ತದೆ. ಒಂದೇ ಗೇರ್ ಇರುವವರು ಮರಳುವ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಲ್ಲು ಆರಿಸಬೇಕು.

ಹಲ್ಲಿನ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಿಂಗಾಲಿಯನ್ನು ಲಾಕ್ ಮಾಡಿ ಜಾರಿಸುವ ಚಟವುಳ್ಳವರು ಸಾಮಾನ್ಯವಾಗಿ ಒಂದೇ ಕಾಲು ಮುಂದಿಟ್ಟು ಜಾರಿಸುತ್ತಾರೆ. ಆಗ ಟಯರಿನ ಯಾವ ಜಾಗ ನೆಲಕ್ಕೆ ಉಜ್ಜುತ್ತದೆ ಎಂಬುದನ್ನು ಗೇರ್ ತೀರ್ಮಾನಿಸುತ್ತದೆ. ಹಲ್ಲುಗಳ ಭಿನ್ನರಾಶಿಯನ್ನು ಪೂರ್ತಿ ಸಂಕ್ಷೇಪಿಸಿ, ಕೆಳಗುಳಿದ ಸಂಖ್ಯೆ ನೋಡಿ. 48ಕ್ಕೆ 16 ಎಂದರೆ 3ಕ್ಕೆ 1: ಟಯರ್ ಪ್ರತಿ ಸಲವೂ ಒಂದೇ ಜಾಗದಲ್ಲಿ ಸವೆದು ಬೇಗನೆ ತೂತಾಗುತ್ತದೆ. 48ಕ್ಕೆ 18ರಲ್ಲಿ ಸವೆತ ಮೂರು ಜಾಗಕ್ಕೆ ಹಂಚುತ್ತದೆ, 44ಕ್ಕೆ 18ರಲ್ಲಿ ಒಂಬತ್ತು ಜಾಗಕ್ಕೆ. 44ಕ್ಕೆ 17 ಸಂಕ್ಷೇಪವೇ ಆಗುವುದಿಲ್ಲ, ಹದಿನೇಳು ಜಾಗ. ಜಾರಿಸದವರಿಗೆ ಇದು ಕುತೂಹಲದ ಗಣಿತ, ಅಷ್ಟೇ.

ಜಾರಿಸುವುದು ನಿಲ್ಲಿಸುವ ಒಳ್ಳೆಯ ವಿಧಾನವೂ ಅಲ್ಲ. ಸೈಕಲ್ ನಿಧಾನವಾಗುವಾಗ ಸವಾರನ ಭಾರ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ಹಿಂಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ನೆಲದ ಹಿಡಿತ ಕಡಿಮೆ. ಒಣ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಿಂದ ಹಿಂಗಾಲಿಯೊಂದರಿಂದಲೇ ನಿಲ್ಲಲು ಹತ್ತು ಮೀಟರ್ ಹತ್ತಿರ ಬೇಕು. ಮುಂದಿನ ಬ್ರೇಕ್ ಸೇರಿದರೆ ಸುಮಾರು ಅದರ ಅರ್ಧ. ಮುಂದಿನ ಬ್ರೇಕ್ ಕಡ್ಡಾಯ ಎನ್ನುವುದು ಇದಕ್ಕೇ. ಕರಿ ಸೈಕಲ್ಲಿನ ಸರಳಿನ ಬ್ರೇಕ್ ಒಣ ಹವೆಯಲ್ಲಿ ಪರವಾಗಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒದ್ದೆಯಾದ ಹೊಳಪಿನ ಉಕ್ಕಿನ ರಿಮ್ ಮೇಲೆ ರಬ್ಬರ್ ಜಾರುತ್ತದೆ, ಹಿಡಿಯುವುದಿಲ್ಲ. ಅಲ್ಯುಮಿನಿಯಂ ರಿಮ್‌ನ ಮುಂದಿನ ಗಾಲಿ, ಉದ್ದ ತೋಳಿನ ಕ್ಯಾಲಿಪರ್ ಬ್ರೇಕ್, ಹೊಸ ಬ್ರೇಕ್ ರಬ್ಬರ್: ಹಬ್ ಆದ ಮೇಲೆ ಖರ್ಚು ಮಾಡಬೇಕಾದದ್ದು ಇವಕ್ಕೆ. ಹ್ಯಾಂಡಲ್, ಸೀಟು, ಬಣ್ಣ ಎಲ್ಲ ಮುಂದಿನ ವರ್ಷ ನೋಡಿಕೊಳ್ಳಬಹುದು.

ಜೋಡಿಸುವಾಗ ಮೂರು ಕಡೆ ಕಣ್ಣಿರಲಿ. ಚೈನ್‌ವೀಲ್ ಮತ್ತು ಹಿಂದಿನ ಹಲ್ಲುಚಕ್ರ ಒಂದೇ ಸಾಲಿನಲ್ಲಿರಬೇಕು. ಹಿಂದಿನಿಂದ ನೋಡಿದಾಗ ಚೈನ್ ವಾರೆಯಾಗಿ ಕಂಡರೆ ಆಕ್ಸಲ್‌ಗೆ ವಾಷರ್ ಸೇರಿಸಿ ಸರಿಪಡಿಸಬೇಕು. ಚೈನ್ ತಂತಿಯಂತೆ ಬಿಗಿಯೂ ಇರಬಾರದು. ಹಳೆಯ ಚೈನ್‌ವೀಲ್‌ಗಳು ಪೂರ್ತಿ ದುಂಡಗಿರುವುದಿಲ್ಲ, ಆದ್ದರಿಂದ ಪೆಡಲ್ ನಿಧಾನವಾಗಿ ತಿರುಗಿಸಿ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿ ಮಧ್ಯದ ಎಳೆ ಒಂದು ಸೆಂಟಿಮೀಟರ್‌ನಷ್ಟು ಆಡುವಂತೆ ನೋಡಿಕೊಳ್ಳಿ. ಚೈನ್ ಕಳಚಿ ಬಿದ್ದರೆ ಹಿಂಗಾಲಿ ಒಮ್ಮೆಲೇ ಸಿಕ್ಕಿಹಾಕಿಕೊಳ್ಳಬಹುದು. ಮೂರನೆಯದು ಕಾಟರ್ ಪಿನ್, ಪೆಡಲ್ ತೋಳನ್ನು ಆಕ್ಸಲ್‌ಗೆ ಹಿಡಿದಿಡುವ ಬೆಣೆ. ಸಾಮಾನ್ಯ ಸೈಕಲ್ಲಿನಲ್ಲಿ ಅದರ ಮೇಲೆ ಒಂದೇ ದಿಕ್ಕಿನ ಒತ್ತಡ. ಇಲ್ಲಿ ಮುಂದಕ್ಕೂ ಹಿಂದಕ್ಕೂ. ಹಳೆಯ ಪಿನ್ ಬೇಗ ಸವೆದು ಕಟಕಟ ಎನ್ನುತ್ತದೆ. ಎರಡನ್ನೂ ಹೊಸದಾಗಿ ಹಾಕಿಸಿ. ಅವು ದುಬಾರಿಯೇನಲ್ಲ.

ಚೈನ್ ಕವರ್ ಮತ್ತು ಮಡ್‌ಗಾರ್ಡ್ ಕಿತ್ತೆಸೆದರೆ ಸೈಕಲ್ ಬೋಳಾಗಿ ಚಂದ ಕಾಣುತ್ತದೆ ಎಂಬ ನಂಬಿಕೆಯಿದೆ. ಚೈನ್ ಕವರ್ ಬಿಚ್ಚಬೇಡಿ. ಸಾಮಾನ್ಯ ಸೈಕಲ್ಲಿನಲ್ಲಿ ಪ್ಯಾಂಟಿನ ಅಂಚು ಸಿಕ್ಕಿದರೆ ಪೆಡಲ್ ನಿಲ್ಲಿಸಬಹುದು. ಇಲ್ಲಿ ಗಾಲಿ ನಿಲ್ಲುವವರೆಗೂ ಚೈನ್ ಎಳೆಯುತ್ತಲೇ ಹೋಗುತ್ತದೆ. ಬಟ್ಟೆಗೆ ಆದದ್ದೇ ಬೆರಳಿಗೂ ಆಗುತ್ತದೆ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ, ಗಾಲಿ ತಿರುಗಿಸುತ್ತ ಬಟ್ಟೆಯಿಂದ ಚೈನ್ ಒರೆಸುವ ಅಭ್ಯಾಸ ಬಹಳ ಜನರಿಗಿದೆ. ಫಿಕ್ಸ್ಡ್ ಗೇರ್‌ನಲ್ಲಿ ಹಾಗೆ ಮಾಡಿ ಬೆರಳು ಕಳೆದುಕೊಂಡವರಿದ್ದಾರೆ. ಗಾಲಿ ಪೂರ್ತಿ ನಿಂತ ಮೇಲೆಯೇ ಒರೆಸಬೇಕು, ಮಕ್ಕಳನ್ನು ಹತ್ತಿರ ಬಿಡಲೇಬಾರದು. ಮಡ್‌ಗಾರ್ಡ್ ವಿಷಯದಲ್ಲಿ ಮಾತ್ರ ನವಲಗುಂದದ ಕಡೆಯವರಿಗೆ ವಿನಾಯಿತಿ. ಎರೆಮಣ್ಣಿನ ರಾಡಿ ಮಡ್‌ಗಾರ್ಡ್ ಒಳಗೆ ತುಂಬಿಕೊಂಡರೆ ಗಾಲಿಯೇ ಸಿಕ್ಕಿಬೀಳುತ್ತದೆ, ಗಾಲಿಯೊಂದಿಗೆ ಪೆಡಲ್ಲೂ.

ಓಡಿಸುವುದನ್ನು ಕಲಿಯಲು ನೆಹರೂ ಮೈದಾನದಂಥ ಸಮತಟ್ಟಾದ ಜಾಗ ಸಾಕು. ಮೊದಮೊದಲು ಕಾಲು ಹಳೆಯ ರೂಢಿಯಂತೆ ನಿಲ್ಲಲು ಹೋಗುತ್ತದೆ, ಪೆಡಲ್ ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ. ತಿರುವಿನಲ್ಲಿ ಹೆಚ್ಚು ವಾಲಬಾರದು: ಒಳಬದಿಯ ಪೆಡಲ್ ಮೇಲೆತ್ತಿ ಹಿಡಿಯುವ ಸೌಲಭ್ಯ ಇಲ್ಲ, ಅದು ನೆಲಕ್ಕೆ ತಗುಲಿದರೆ ಸೈಕಲ್ ಎಗರುತ್ತದೆ. ರಸ್ತೆ ಉಬ್ಬು ಬಂದಾಗ ಸೀಟಿನಿಂದ ತುಸು ಎದ್ದು, ಕಾಲು ತಿರುಗಲು ಬಿಟ್ಟು ದಾಟಬೇಕು. ಇಳಿಜಾರಿನಲ್ಲಿ ಪಾದ ಪೆಡಲ್‌ನಿಂದ ಜಾರಿದರೆ ಮತ್ತೆ ಇಡುವುದು ಕಷ್ಟ, ತಿರುಗುವ ಪೆಡಲ್ ಮೊಣಕಾಲಿನ ಕೆಳಗೆ ಬಡಿಯುತ್ತದೆ. ಹಾಗಾಗಿ ಪಾದ ಹಿಡಿದಿಡುವ ಪಟ್ಟಿ ಬೇಕು, ಆದರೆ ಒಮ್ಮೆಗೇ ಎಳೆದುಕೊಳ್ಳಲಾಗುವಷ್ಟು ಸಡಿಲವಾಗಿ. ಹುಬ್ಬಳ್ಳಿ-ಧಾರವಾಡ ಮುಖ್ಯರಸ್ತೆಗೆ ಇಳಿದ ಮೇಲೆ, ನಡುವಿನ ಚಿಗರಿ ಬಸ್ಸಿನ ಪಥ ಎಷ್ಟೇ ಖಾಲಿ ಕಂಡರೂ ಆ ಕಡೆ ತಲೆ ಹಾಕಬೇಡಿ. ಅದು ಬಸ್ಸಿಗೆ ಮಾತ್ರ, ಮತ್ತು ಬಸ್ಸು ವೇಗವಾಗಿ ಬರುತ್ತದೆ.

ಮೊದಲ ಕೆಲವು ಸವಾರಿಗಳಲ್ಲಿ, ವಿಶೇಷವಾಗಿ ಏರು ಹತ್ತಿದಾಗ, ಹಲ್ಲುಚಕ್ರ ಇನ್ನಷ್ಟು ಒಳಗೆ ಬಿಗಿದು ಕೂರುತ್ತದೆ. ಆಗ ಅದಕ್ಕೂ ಲಾಕ್‌ರಿಂಗ್‌ಗೂ ನಡುವೆ ಕೂದಲೆಳೆಯ ಸಡಿಲ ಉಂಟಾಗುತ್ತದೆ. ವಾರ ಕಳೆದ ಮೇಲೆ ಲಾಕ್‌ರಿಂಗನ್ನು ಮತ್ತೊಮ್ಮೆ ಬಿಗಿ ಮಾಡಿಸಿ; ಅದು ಉಲ್ಟಾ ಥ್ರೆಡ್ ಎಂದು ಮೇಸ್ತ್ರಿಗೆ ಮೊದಲೇ ಹೇಳಿ. ಇನ್ನು, ಪಕ್ಕದ ಮನೆಯವರು ‘ಇಲ್ಲೇ ಅಂಗಡಿಗೆ ಹೋಗಿಬರುತ್ತೇನೆ’ ಎಂದು ಸೈಕಲ್ ಕೇಳುವ ಊರು ನಮ್ಮದು. ಇಲ್ಲ ಎನ್ನಲು ಆಗುವುದಿಲ್ಲ. ಕೊಡುವ ಮೊದಲು ಹಿಂಗಾಲಿ ಬಿಚ್ಚಿ ಫ್ರೀವೀಲ್ ಬದಿಗೆ ತಿರುಗಿಸಿ ಹಾಕಿಕೊಡಿ.